ಬೇಗಂ ರೊಕೆಯಾ ಕಂಡ ಕನಸು, ಮದರಂಗಿಯ ಗೆರೆಗಳಲ್ಲಿ

1905ನೇ ಇಸವಿ. ನಮ್ಮ ದಕ್ಷಿಣ ಕನ್ನಡ ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯದ ಒಂದು ಮೂಲೆ. ಅದೇ ಮದ್ರಾಸಿನಿಂದ ‘ದಿ ಇಂಡಿಯನ್ ಲೇಡೀಸ್ ಮ್ಯಾಗಜೀನ್’ ಎಂಬ ಇಂಗ್ಲಿಷ್ ಮಾಸಿಕ ಹೊರಡುತ್ತಿತ್ತು. ಕಮಲಾ ಸತ್ಯನಾಥನ್ ಎಂಬ ವಿದ್ಯಾವಂತ ಮಹಿಳೆ ಅದರ ಸಂಪಾದಕಿ. ಆ ವರ್ಷ ಅದರಲ್ಲಿ ಒಂದು ಕಥೆ ಅಚ್ಚಾಯಿತು. ಹೆಸರು ‘ಸುಲ್ತಾನಾಸ್ ಡ್ರೀಮ್’, ಅಂದರೆ ಸುಲ್ತಾನಾಳ ಕನಸು. ಬರೆದವರು ಈಗಿನ ಬಿಹಾರದ ಭಾಗಲ್ಪುರದಲ್ಲಿ ಪರದೆಯೊಳಗೆ ಬದುಕುತ್ತಿದ್ದ, ವಯಸ್ಸು ಇಪ್ಪತ್ತೈದರ ಆಸುಪಾಸಿನ ಒಬ್ಬ ಮುಸ್ಲಿಂ ಗೃಹಿಣಿ. ರೊಕೆಯಾ ಸಖಾವತ್ ಹುಸೈನ್. ಶಾಲೆಗೆ ಹೋಗಿ ಇಂಗ್ಲಿಷ್ ಕಲಿತವರಲ್ಲ.

ಆ ಪುಟ್ಟ ಕಥೆಯನ್ನು ಇಟ್ಟುಕೊಂಡು ಸ್ಪೇನ್ ದೇಶದ ಇಸಾಬೆಲ್ ಹೆರ್ಗೆರಾ ಎಂಬವರು ಒಂದು ಅನಿಮೇಷನ್ ಸಿನಿಮಾ ಮಾಡಿದ್ದಾರೆ. 2023ರಲ್ಲಿ ಅಲ್ಲಿನ ಸಾನ್ ಸೆಬಾಸ್ಟಿಯನ್ ಚಿತ್ರೋತ್ಸವದ ಸ್ಪರ್ಧಾ ವಿಭಾಗದಲ್ಲಿ ಅದು ಮೊದಲು ಪ್ರದರ್ಶನವಾಯಿತು. ದೊಡ್ಡ ಕಂಪೆನಿಗಳ ಹಣವಿಲ್ಲ, ಸ್ಟಾರುಗಳಿಲ್ಲ. ಸ್ಪೇನ್ ಮತ್ತು ಜರ್ಮನಿಯ ಸಣ್ಣ ನಿರ್ಮಾಪಕರು ಕೈ ಸೇರಿಸಿ ಮಾಡಿದ ಸ್ವತಂತ್ರ ಸಿನಿಮಾ. ಇತ್ತೀಚೆಗೆ ಅದನ್ನು ನೋಡುವ ಅವಕಾಶ ನಮಗೆ ಸಿಕ್ಕಿತು. ಸಿನಿಮಾ ಎಂದರೆ ಮದ್ರಸದ ಉಸ್ತಾದರಿಗೆ ಎಂತ ಸಂಬಂಧ ಎಂದು ಕೆಲವರು ಹುಬ್ಬೇರಿಸಬಹುದು. ಸಂಬಂಧ ಉಂಟು. ಅದನ್ನು ಹೇಳುವುದಕ್ಕೇ ಈ ಬರಹ.

ಕಥೆಯಲ್ಲಿ ಎಂತ ಉಂಟು?

ಕಥೆ ಬಹಳ ಸರಳ. ಸುಲ್ತಾನಾ ಎಂಬ ಹೆಂಗಸು ಒಂದು ಸಂಜೆ ಆರಾಮ ಕುರ್ಚಿಯಲ್ಲಿ ಕೂತು ಹಿಂದೂಸ್ಥಾನದ ಹೆಂಗಸರ ಸ್ಥಿತಿಯ ಬಗ್ಗೆ ಆಲೋಚಿಸುತ್ತಿದ್ದಾಳೆ. ಹಾಗೇ ತೂಕಡಿಕೆ. ಆಗ ಗೆಳತಿ ಸಾರಾಳಂತೆ ಕಾಣುವ ಒಬ್ಬಳು ಬಂದು ‘ತಿರುಗಾಡಿ ಬರೋಣ ಬಾ’ ಎಂದು ಕರೆಯುತ್ತಾಳೆ. ಹೊರಗೆ ಬಂದರೆ ಹಾಡುಹಗಲು. ಬೀದಿಯಲ್ಲಿ ಒಬ್ಬ ಗಂಡಸೂ ಇಲ್ಲ. ಸುಲ್ತಾನಾ ನಾಚಿ ಮುದ್ದೆಯಾಗಿ ನಡೆಯುವುದನ್ನು ನೋಡಿ ಅಲ್ಲಿನ ಹೆಂಗಸರು ನಗುತ್ತಾರೆ, ‘ಇವಳು ಗಂಡಸರ ಹಾಗೆ ನಾಚುತ್ತಾಳಲ್ಲ!’ ಎಂದು.

ಅದು ಹೆಂಗಸರ ನಾಡು. ಅಲ್ಲಿ ಗಂಡಸರು ಮನೆಯೊಳಗೆ, ಪರದೆಯ ಹಿಂದೆ. ಅಡುಗೆ ಅವರದ್ದು, ಮಕ್ಕಳನ್ನು ನೋಡಿಕೊಳ್ಳುವುದೂ ಅವರದ್ದು. ಹೀಗಾದದ್ದು ಹೇಗೆ? ಆ ನಾಡಿನ ರಾಣಿ ಎಲ್ಲ ಹೆಣ್ಣುಮಕ್ಕಳಿಗೂ ವಿದ್ಯೆ ಕಡ್ಡಾಯ ಮಾಡಿದಳು. ಇಪ್ಪತ್ತೊಂದು ತುಂಬದೆ ಮದುವೆ ಇಲ್ಲ ಎಂದು ಕಾನೂನು ತಂದಳು. ಹೆಂಗಸರಿಗೇ ಎಂದು ವಿಶ್ವವಿದ್ಯಾಲಯಗಳು ಹುಟ್ಟಿದವು. ಒಂದು ಕಡೆಯವರು ಆಕಾಶದಿಂದ ನೇರ ನೀರು ಎಳೆಯುವ ವಿದ್ಯೆ ಕಂಡುಹಿಡಿದರು, ಇನ್ನೊಂದು ಕಡೆಯವರು ಸೂರ್ಯನ ಶಾಖವನ್ನು ಶೇಖರಿಸಿಡುವ ವಿದ್ಯೆ ಕಂಡುಹಿಡಿದರು. ಗಂಡಸರು ಆಗ ಸೈನ್ಯ ಕಟ್ಟುವುದರಲ್ಲೇ ಮುಳುಗಿದ್ದರು. ಇದನ್ನೆಲ್ಲ ನೋಡಿ ಹಗಲುಗನಸು ಎಂದು ನಕ್ಕರು. ಆಮೇಲೆ ನೆರೆಯ ರಾಜ ದಂಡೆತ್ತಿ ಬಂದ. ಗಂಡಸರ ಸೈನ್ಯ ಸೋತಿತು. ಕೊನೆಗೆ ವಿಶ್ವವಿದ್ಯಾಲಯದ ಮುಖ್ಯಸ್ಥೆ ಎರಡು ಸಾವಿರ ವಿದ್ಯಾರ್ಥಿನಿಯರನ್ನು ಕರೆದುಕೊಂಡು ಹೊರಟರು. ಕೂಡಿಟ್ಟ ಬಿಸಿಲನ್ನು ಶತ್ರುಗಳ ಕಡೆಗೆ ತಿರುಗಿಸಿದರು. ಶಾಖ ತಡೆಯಲಾರದೆ ಶತ್ರುಗಳು ಓಡಿದರು. ಹೆಂಗಸರು ಹೊರಗೆ ಬರಬೇಕಾದ್ದರಿಂದ ಅವರ ಪರದೆಯ ಮರ್ಯಾದೆ ಕಾಪಾಡಲು ಗಂಡಸರು ಒಳಗೆ ಹೋಗಿದ್ದರು. ಹೋದವರು ಒಳಗೇ ಉಳಿದರು!

ಆ ನಾಡಿನಲ್ಲಿ ಸೂರ್ಯನ ಶಾಖದಲ್ಲೇ ಅಡುಗೆ. ಹೊಗೆಯಿಲ್ಲ, ಕರಿಯಿಲ್ಲ. ಹೊಲ ಉಳುವುದು ವಿದ್ಯುತ್ತಿನಿಂದ. ಓಡಾಡುವುದು ಹಾರುವ ಗಾಡಿಯಲ್ಲಿ. ದಿನಕ್ಕೆ ಎರಡೇ ಗಂಟೆ ಕೆಲಸ. ಅದು ಹೇಗೆ ಸಾಕಾಗುತ್ತದೆ ಎಂದು ಸುಲ್ತಾನಾ ಕೇಳಿದರೆ ಸಾರಾ ಒಂದು ಲೆಕ್ಕ ಒಪ್ಪಿಸುತ್ತಾಳೆ: ಗಂಡಸರು ದಿನಕ್ಕೆ ಹನ್ನೆರಡು ಚುಟ್ಟಾ ಸೇದುತ್ತಾರೆ ಎಂದಿಟ್ಟುಕೊಳ್ಳಿ, ಒಂದೊಂದಕ್ಕೆ ಅರ್ಧ ಗಂಟೆ ಹಿಡಿದರೆ ಆರು ಗಂಟೆ ಹೊಗೆಯಲ್ಲೇ ಹೋಯಿತಲ್ಲ? ನಮ್ಮ ಊರಿನ ಹೋಟೆಲುಗಳ ಮುಂದೆ ಕೂತು ಬೀಡಿ ಸೇದುತ್ತಾ ಚಾ ಕುಡಿಯುವವರನ್ನು ನೆನೆಸಿಕೊಂಡು ನಮಗೆ ನಗು ತಡೆಯಲಿಲ್ಲ.

ಇದು ತಮಾಷೆ ಕಥೆಯೇ. ಆದರೆ ಬರೆದ ವರ್ಷವನ್ನು ಗಮನಿಸಿ. ರೈಟ್ ಸೋದರರ ವಿಮಾನ ಮೊದಲ ಬಾರಿ ನೆಲ ಬಿಟ್ಟು ಮೇಲೆದ್ದು ಆಗ ಎರಡೇ ವರ್ಷ. ಸಿಲಿಕಾನಿನ ಸೋಲಾರ್ ಸೆಲ್ ಅಮೆರಿಕದಲ್ಲಿ ತಯಾರಾಗುವುದಕ್ಕೆ 1954ರ ತನಕ ಕಾಯಬೇಕಿತ್ತು. ಈಗ ಮಸೀದಿ, ಮದ್ರಸಗಳ ಮಾಡಿನ ಮೇಲೂ ಸೋಲಾರ್ ಪ್ಯಾನೆಲ್ ಕಾಣಸಿಗುತ್ತದೆ. ನೂರಿಪ್ಪತ್ತು ವರ್ಷದ ಹಿಂದೆ ಅಂಥದ್ದನ್ನು ಕಲ್ಪಿಸಿದ್ದು ಪರದೆಯ ಹಿಂದಿನ ಒಬ್ಬ ಹೆಣ್ಣುಮಗಳು. 1930ರಲ್ಲಿ ರೊಕೆಯಾರಿಗೆ ನಿಜವಾಗಿಯೂ ವಿಮಾನದಲ್ಲಿ ಹಾರುವ ಭಾಗ್ಯ ಸಿಕ್ಕಿತು. ಹಾರಿಸಿದ್ದು ಅವರ ಬಂಧುಗಳಲ್ಲೇ ಒಬ್ಬ ಹುಡುಗ. ಆ ಐವತ್ತು ಮೈಲು ಹಾರಾಟದ ಬಗ್ಗೆ ಅವರು ಬಂಗಾಳಿಯಲ್ಲಿ ಒಂದು ಲೇಖನವನ್ನೇ ಬರೆದರು.

ಮೇಣದ ಬತ್ತಿಯ ಬೆಳಕಿನ ಪಾಠ

ರೊಕೆಯಾ ಹುಟ್ಟಿದ್ದು 1880ರಲ್ಲಿ, ಈಗ ಬಾಂಗ್ಲಾದೇಶಕ್ಕೆ ಸೇರಿದ ರಂಗ್‌ಪುರದ ಪೈರಾಬಂದ್ ಎಂಬ ಹಳ್ಳಿಯಲ್ಲಿ. ಜಮೀನ್ದಾರರ ಮನೆ. ಗಂಡುಮಕ್ಕಳು ಕೋಲ್ಕತ್ತಾಗೆ ಹೋಗಿ ಇಂಗ್ಲಿಷ್ ಕಲಿತರು. ಹೆಣ್ಣುಮಕ್ಕಳಿಗೆ ಕುರ್‌ಆನ್ ಓದಲು ಬಂದರೆ ಸಾಕು ಎಂಬ ಕಟ್ಟಳೆ. ಬಂಗಾಳಿ, ಇಂಗ್ಲಿಷ್ ಮುಟ್ಟುವ ಹಾಗಿಲ್ಲ. ಆದರೆ ಅಣ್ಣ ಇಬ್ರಾಹೀಮ್ ಸಾಬೇರ್ ತಂಗಿಯ ಆಸೆ ಅರಿತವರು. ಮನೆಯವರೆಲ್ಲ ಮಲಗಿದ ಮೇಲೆ ಮೇಣದ ಬತ್ತಿ ಹಚ್ಚಿಟ್ಟು ಅವಳಿಗೆ ಇಂಗ್ಲಿಷ್ ಕಲಿಸಿದರು. ಅಕ್ಕ ಕರೀಮುನ್ನಿಸಾ ಬಂಗಾಳಿಯ ರುಚಿ ಹತ್ತಿಸಿದರು.

ಹದಿಹರೆಯದಲ್ಲೇ ಮದುವೆ. ಗಂಡ ಸೈಯದ್ ಸಖಾವತ್ ಹುಸೈನ್ ಭಾಗಲ್ಪುರದಲ್ಲಿ ಡೆಪ್ಯುಟಿ ಮ್ಯಾಜಿಸ್ಟ್ರೇಟ್, ವಯಸ್ಸಿನಲ್ಲಿ ಬಹಳ ದೊಡ್ಡವರು, ಮೊದಲ ಹೆಂಡತಿಯನ್ನು ಕಳೆದುಕೊಂಡವರು. ಆದರೆ ಹೆಂಡತಿ ಬರೆಯಲಿ, ಓದಲಿ ಎಂದು ಬೆನ್ನು ತಟ್ಟಿದವರು. ಗಂಡ ಕೆಲಸದ ಮೇಲೆ ಊರೂರು ಹೋಗಿದ್ದಾಗ ಹೊತ್ತು ಕಳೆಯಲು ರೊಕೆಯಾ ಈ ಕಥೆ ಬರೆದರಂತೆ. ಬಂದವರು ನಿಂತಲ್ಲೇ ಪೂರ್ತಿ ಓದಿ, ಗಂಡಸರ ಮೇಲೆ ಭಾರೀ ಸೇಡು ತೀರಿಸಿಕೊಂಡೆ ಎನ್ನುವ ಅರ್ಥದಲ್ಲಿ ಮೆಚ್ಚಿದರಂತೆ. ಒಬ್ಬ ಅಣ್ಣ, ಒಬ್ಬ ಗಂಡ. ಈ ಇಬ್ಬರು ಗಂಡಸರು ಬಾಗಿಲು ಮುಚ್ಚಿದ್ದಿದ್ದರೆ ಈ ಕಥೆಯೂ ಇಲ್ಲ, ಆ ಸಿನಿಮಾವೂ ಇಲ್ಲ. ಸಾರಾಂಶವಾಗಿ ಇಷ್ಟು ಹೇಳಬಹುದು: ಗಂಡಸರನ್ನು ಮನೆಯೊಳಗೆ ಕೂರಿಸಿದ ಕಥೆ ಒಳ್ಳೆಯ ಗಂಡಸರ ಸಹಾಯದಿಂದಲೇ ಹುಟ್ಟಿತು.

ಸಿನಿಮಾ ಹೇಗುಂಟು?

ಮಂಗಳೂರಿನ ಒಂದು ಕಾಲೇಜಿನ ಸಣ್ಣ ಹಾಲ್‌ನಲ್ಲಿ ನಾವು ಇದನ್ನು ನೋಡಿದ್ದು. ನಲವತ್ತು ಐವತ್ತು ಕುರ್ಚಿ, ಅರ್ಧಕ್ಕರ್ಧ ಹುಡುಗಿಯರು. ಮದ್ರಸದಲ್ಲಿ ನಮ್ಮ ಹತ್ತಿರ ಓದಿ ಹೋದ ಒಬ್ಬಳು, ಈಗಷ್ಟೆ ಪಿಯುಸಿ ಸೈನ್ಸ್ ಮುಗಿಸಿದವಳು, ಉಮ್ಮನ ಜೊತೆ ಬಂದಿದ್ದಳು. ಸಿನಿಮಾದಲ್ಲಿ ಸ್ಪ್ಯಾನಿಷ್, ಇಂಗ್ಲಿಷ್, ಹಿಂದಿ, ಬಂಗಾಳಿ ಎಲ್ಲ ಬೆರೆತು ಬರುತ್ತದೆ. ಕೆಳಗೆ ಓಡುವ ಇಂಗ್ಲಿಷ್ ಅಕ್ಷರಗಳನ್ನು ನಮ್ಮ ಪಿಯುಸಿ ಇಂಗ್ಲಿಷಿನಲ್ಲಿ ಹಿಡಿಯುವಷ್ಟರಲ್ಲಿ ಅವು ಓಡಿಯೇ ಹೋಗುತ್ತಿದ್ದವು. ಹಿಂದಿನ ಸಾಲಿನಿಂದ ಅವಳು ಮೆಲ್ಲ ಹೇಳಿಕೊಡುತ್ತಿದ್ದಳು. ಅಲಿಫ್ ಬಾ ಕಲಿಸಿದ ಉಸ್ತಾದರಿಗೆ ಶಿಷ್ಯೆಯ ಪಾಠ. ನಮಗೆ ಅದು ಸಂತೋಷದ ವಿಷಯವೇ.

ಇದು ಕಥೆಯನ್ನು ಹಾಗೆಹಾಗೇ ತೆರೆಗೆ ತಂದ ಸಿನಿಮಾ ಅಲ್ಲ. ಇನೆಸ್ ಎಂಬ ಸ್ಪೇನಿನ ಕಲಾವಿದೆ ಭಾರತದಲ್ಲಿರುವಾಗ ಆಕಸ್ಮಿಕವಾಗಿ ರೊಕೆಯಾರ ಪುಸ್ತಕ ಅವಳ ಕೈಗೆ ಸಿಗುತ್ತದೆ. ಓದಿದವಳಿಗೆ ಹುಚ್ಚು ಹಿಡಿಯುತ್ತದೆ. ಅಂಥ ಹೆಂಗಸರ ನಾಡು ಎಲ್ಲಾದರೂ ಉಂಟೋ ಎಂದು ಹುಡುಕಿಕೊಂಡು ಊರೂರು ತಿರುಗುತ್ತಾಳೆ. ಹೆರ್ಗೆರಾರ ಸ್ವಂತ ಕಥೆಯೂ ಹೆಚ್ಚುಕಮ್ಮಿ ಹೀಗೇ. ಅವರು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅನಿಮೇಷನ್ ಪಾಠ ಮಾಡಿದವರು. 2012ರಲ್ಲಿ ದೆಹಲಿಯಲ್ಲಿ ಮಳೆಗೆ ಸಿಕ್ಕಿಬಿದ್ದು ಒಂದು ಕಲಾ ಗ್ಯಾಲರಿಯೊಳಗೆ ನಿಂತಾಗ ಈ ಪುಸ್ತಕ ಕಣ್ಣಿಗೆ ಬಿತ್ತು. ಅದು ಗೊಂಡ ಕಲಾವಿದೆ ದುರ್ಗಾಬಾಯಿ ಚಿತ್ರ ಬರೆದ, ಚೆನ್ನೈನ ತಾರಾ ಬುಕ್ಸ್ ಪ್ರಕಟಿಸಿದ ಆವೃತ್ತಿ. ಅಲ್ಲಿಂದ ಸಿನಿಮಾ ತೆರೆಗೆ ಬರಲು ಹನ್ನೊಂದು ವರ್ಷ ಹಿಡಿಯಿತು.

ಸಿನಿಮಾವನ್ನು ಮೂರು ಬಗೆಯ ಚಿತ್ರಗಳಲ್ಲಿ ಕಟ್ಟಿದ್ದಾರೆ. ಇನೆಸ್‌ಳ ತಿರುಗಾಟ ಜಲವರ್ಣದ ಹಾಗೆ, ಬಣ್ಣ ನೀರಿನಲ್ಲಿ ಹರಡಿದಂತೆ. ರೊಕೆಯಾರ ಜೀವನ ತೊಗಲುಗೊಂಬೆಯಾಟದ ಹಾಗೆ, ನೆರಳು ಬೆಳಕಿನಲ್ಲಿ. ಮೂರನೆಯದು ಹೆಂಗಸರ ನಾಡು. ಅದನ್ನು ಬರೆದದ್ದು ಮದರಂಗಿಯಲ್ಲಿ! ನಾವು ಮೈಲಾಂಜಿ ಎನ್ನುವ ಅದೇ ಮದರಂಗಿಯ ಬಳ್ಳಿ, ಹೂವು, ಚುಕ್ಕಿ, ಗೆರೆ. ಆ ಕಂದು ಗೆರೆಗಳೇ ಎದ್ದು ಮನೆಯಾಗುತ್ತವೆ, ತೋಟವಾಗುತ್ತವೆ, ಹಾರುವ ಗಾಡಿಯಾಗುತ್ತವೆ.

ಇದನ್ನು ನೋಡುವಾಗ ಹಾಲ್‌ನಲ್ಲಿದ್ದ ನಮ್ಮ ಹೆಣ್ಣುಮಕ್ಕಳ ಮುಖ ನೋಡಬೇಕಿತ್ತು ನೀವು. ಮದರಂಗಿ ಎಂದರೆ ಮದುವೆ, ಮದರಂಗಿ ಎಂದರೆ ಹಬ್ಬದ ಮುನ್ನಾ ರಾತ್ರಿ. ಅಷ್ಟೇ ಗೊತ್ತಿದ್ದದ್ದು. ಅದೇ ಗೆರೆಯಲ್ಲಿ ವಿಶ್ವವಿದ್ಯಾಲಯ ಬರೆಯಬಹುದು, ಸೂರ್ಯನನ್ನು ಹಿಡಿಯುವ ಯಂತ್ರ ಬರೆಯಬಹುದು ಎಂದು ಅವರಿಗೆ ಯಾರು ಹೇಳಿದ್ದರು? ಕೋಲ್ಕತ್ತಾದ ತಾಜದಾರ್ ಜುನೈದ್ ಅವರ ಸಂಗೀತವೂ ಅಬ್ಬರವಿಲ್ಲದೆ ಹಿತವಾಗಿತ್ತು.

ಕೊರತೆ ಇಲ್ಲ ಎಂದಲ್ಲ. ರೊಕೆಯಾರ ಕಥೆಯ ಜೀವ ಇರುವುದು ಅದರ ನಗೆಯಲ್ಲಿ. ಸಿನಿಮಾ ಅದಕ್ಕಿಂತ ಗಂಭೀರ. ಇನೆಸ್‌ಳ ಒಳತೋಟಿ ಅಲ್ಲಲ್ಲಿ ಉದ್ದ ಎನಿಸುತ್ತದೆ, ರೊಕೆಯಾ ಪಟ್ಟ ಪಾಡಿಗೆ ಇನ್ನೂ ಸ್ವಲ್ಪ ಜಾಗ ಬೇಕಿತ್ತು ಎನಿಸುತ್ತದೆ. ಇದು ದೊಡ್ಡವರಿಗೆ ಮಾಡಿದ ಸಿನಿಮಾ. ಕಾರ್ಟೂನ್ ಎಂದು ಸಣ್ಣ ಮಕ್ಕಳನ್ನು ಕೂರಿಸುವಂಥದ್ದಲ್ಲ. ಆದರೆ ದೂರದ ದೇಶದವರೊಬ್ಬರು ನಮ್ಮ ಸಮುದಾಯದ ಒಬ್ಬ ತಾಯಿಯ ಬರಹವನ್ನು ಇಷ್ಟು ವರ್ಷ ಎದೆಗೆ ಅಪ್ಪಿಕೊಂಡು ನಡೆದರಲ್ಲ, ಅದಕ್ಕೆ ಶುಕ್ರ್ ಹೇಳಲೇಬೇಕು.

ಕನಸಿನಿಂದ ಶಾಲೆಗೆ

ಸಿನಿಮಾ ನೋಡಿ ಬಂದ ಮೇಲೆ ನಮ್ಮ ತಲೆಯಲ್ಲಿ ಉಳಿದದ್ದು ಕಥೆಗಿಂತ ಹೆಚ್ಚಾಗಿ ಕಥೆಯ ನಂತರದ ರೊಕೆಯಾ. 1909ರಲ್ಲಿ ಗಂಡ ತೀರಿಕೊಂಡರು. ಹೆಣ್ಣುಮಕ್ಕಳ ಶಾಲೆಗೆಂದು ಅವರು ಹತ್ತು ಸಾವಿರ ರೂಪಾಯಿ ತೆಗೆದಿಟ್ಟಿದ್ದರು. ಆಗಿನ ಹತ್ತು ಸಾವಿರ! ಆ ವರ್ಷವೇ ಭಾಗಲ್ಪುರದಲ್ಲಿ ರೊಕೆಯಾ ಶಾಲೆ ತೆರೆದರು. ವಿದ್ಯಾರ್ಥಿನಿಯರು ಐದು ಮಂದಿ. ಮನೆಯ ತಕರಾರಿನಿಂದ ಊರು ಬಿಡಬೇಕಾಯಿತು. 1911ರಲ್ಲಿ ಕೋಲ್ಕತ್ತಾದಲ್ಲಿ ಮತ್ತೆ ಶುರು ಮಾಡಿದರು, ಎಂಟು ಮಂದಿಯಿಂದ. ತಾವೇ ಬುರ್ಖಾ ತೊಟ್ಟು ಮನೆಮನೆಗೆ ಹೋಗಿ, ನಿಮ್ಮ ಮಗಳನ್ನು ಕಳಿಸಿ ಎಂದು ಬೇಡಿದರು. ಆ ಸಖಾವತ್ ಮೆಮೋರಿಯಲ್ ಶಾಲೆ ಇವತ್ತಿಗೂ ಕೋಲ್ಕತ್ತಾದಲ್ಲಿ ನಡೆಯುತ್ತಿದೆ.

ಒಂದು ಮಾತು ಇಲ್ಲಿ ಸ್ಪಷ್ಟ ಮಾಡಬೇಕು. ರೊಕೆಯಾ ದೀನಿಗೆ ವಿರೋಧಿ ಎಂದು ಕೆಲವರು, ಬುರ್ಖಾಕ್ಕೆ ವಿರೋಧಿ ಎಂದು ಕೆಲವರು ಹೇಳುವುದುಂಟು. ಎರಡೂ ಸರಿಯಲ್ಲ. ಅವರು ಬುರ್ಖಾದ ಪರವಾಗಿಯೇ ಲೇಖನ ಬರೆದವರು. ಅವರು ಎದುರಿಸಿದ್ದು ‘ಅವರೋಧ’ವನ್ನು, ಅಂದರೆ ಹೆಣ್ಣನ್ನು ಬೆಳಕು ಗಾಳಿ ಬಾರದ ಹಾಗೆ ಕೂಡಿಹಾಕುವ ರೂಢಿಯನ್ನು. ವಿದ್ಯೆ ಗಂಡಿಗೂ ಹೆಣ್ಣಿಗೂ ಕಡ್ಡಾಯ ಎಂದು ಪ್ರವಾದಿಯವರೇ ಹೇಳಿರುವಾಗ ತಡೆಯಲು ನೀವು ಯಾರು ಎನ್ನುವುದು ಅವರ ವಾದ. ಮೊದಲು ಇಳಿದ ಆಜ್ಞೆಯೇ ‘ಓದು’ ಎಂದು ಮದ್ರಸದ ಮಕ್ಕಳಿಗೆ ನಾವು ಕಲಿಸುತ್ತೇವಲ್ಲ, ಅದರ ಮುಂದಿನ ಹೆಜ್ಜೆ ಇದು.

1931ರಲ್ಲಿ ಬಂದ ಅವರ ‘ಅವರೋಧ್‌ಬಾಸಿನಿ’ ಎಂಬ ಪುಸ್ತಕದಲ್ಲಿ ಇಂಥ 47 ಪ್ರಸಂಗಗಳುಂಟು. ಕೊನೆಯದು ಶಾಲೆಯ ಬಸ್ಸಿನದ್ದು. ಹೆಣ್ಣುಮಕ್ಕಳನ್ನು ತರಲು ಬಸ್ಸು ಮಾಡಿಸಿದರು. ಪರದೆಯ ಹೆಸರಿನಲ್ಲಿ ನಾಲ್ಕೂ ಕಡೆ ಮುಚ್ಚಿದ ಬಸ್ಸು. ಕತ್ತಲೆ, ಸೆಕೆ. ಮಕ್ಕಳು ಹೆದರಿ ಅತ್ತರು, ವಾಂತಿ ಮಾಡಿದರು, ಮೂರ್ಛೆ ಹೋದರು. ಪೋಷಕರಿಂದ ದೂರು ಬಂತು. ಸರಿ ಎಂದು ಕಿಟಕಿ ತೆರೆದು ಬಟ್ಟೆಯ ಪರದೆ ಕಟ್ಟಿಸಿದರು. ಗಾಳಿಗೆ ಬಟ್ಟೆ ಹಾರಿತು. ಆಗ ಬೇರೆ ದೂರು: ಪರದೆ ಹಾರುತ್ತದೆ, ಸರಿ ಮಾಡದಿದ್ದರೆ ಪತ್ರಿಕೆಗಳಲ್ಲಿ ಬರೆಯುತ್ತೇವೆ! ಮುಚ್ಚಿದರೂ ತಪ್ಪು, ತೆರೆದರೂ ತಪ್ಪು. ಓದಿ ನಕ್ಕರೂ ಆಮೇಲೆ ಗಂಟಲು ಕಟ್ಟುತ್ತದೆ.

ನಮ್ಮ ಕಡೆಯ ಸಾರಾ

ಕಥೆಯಲ್ಲಿ ಸುಲ್ತಾನಾಳನ್ನು ಹೊರಗೆ ಕರೆದುಕೊಂಡು ಹೋಗುವವಳ ಹೆಸರು ಸಾರಾ ಎಂದೆವಲ್ಲ. ಕರಾವಳಿಯ ಓದುಗರಿಗೆ ಆ ಹೆಸರು ಕೇಳಿದ ಕೂಡಲೇ ಇನ್ನೊಬ್ಬರ ನೆನಪಾಗದೆ ಇರುತ್ತದಾ? ಸಾರಾ ಅಬೂಬಕ್ಕರ್ 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದವರು, ಅಲ್ಲಿನ ಮುಸ್ಲಿಂ ಹುಡುಗಿಯರಲ್ಲಿ ಹೈಸ್ಕೂಲು ಮುಗಿಸಿದ ಮೊದಲಿಗರಲ್ಲಿ ಒಬ್ಬರು. ‘ಚಂದ್ರಗಿರಿಯ ತೀರದಲ್ಲಿ’ ಬರೆದಾಗ ನಮ್ಮವರಲ್ಲಿ ಹಲವರು ಮುನಿಸಿಕೊಂಡರು. ಒಪ್ಪುವುದು ಬಿಡುವುದು ಬೇರೆ ಮಾತು. ಆದರೆ ನಮ್ಮ ಮನೆಯೊಳಗಿನ ಹೆಣ್ಣುಮಕ್ಕಳಿಗೂ ಹೇಳಲು ಮಾತುಂಟು ಎಂದು ಕನ್ನಡಕ್ಕೆ ತಿಳಿಸಿದವರು ಅವರು. 2023ರ ಜನವರಿಯಲ್ಲಿ ತೀರಿಕೊಂಡರು. ಅದೇ ವರ್ಷ ರೊಕೆಯಾರ ಸಾರಾ ಮದರಂಗಿಯ ಗೆರೆಯಲ್ಲಿ ತೆರೆಯ ಮೇಲೆ ಬಂದಳು.

2024ರಲ್ಲಿ ಯುನೆಸ್ಕೊದ ‘ಮೆಮೊರಿ ಆಫ್ ದಿ ವರ್ಲ್ಡ್’ ಕಾರ್ಯಕ್ರಮದ ಏಷ್ಯಾ-ಪೆಸಿಫಿಕ್ ಪಟ್ಟಿಗೆ ‘ಸುಲ್ತಾನಾಸ್ ಡ್ರೀಮ್’ ಸೇರಿತು. ಬಾಂಗ್ಲಾದೇಶದಲ್ಲಿ ಡಿಸೆಂಬರ್ 9 ರೊಕೆಯಾ ದಿನ. ಅವರು ಹುಟ್ಟಿದ್ದೂ ಅದೇ ತಾರೀಕು, 1932ರಲ್ಲಿ ತೀರಿಕೊಂಡದ್ದೂ ಅದೇ ತಾರೀಕು. ನಮ್ಮಲ್ಲಿ ಮಾತ್ರ ಆ ಹೆಸರು ಕೇಳಿದವರು ಕಡಿಮೆ.

ಬಸ್‌ಸ್ಟಾಪಿನ ಪ್ರಶ್ನೆ

ಹಿಂದಿನ ಸಾಲಿನಲ್ಲಿ ಕೂತು ನಮಗೆ ಸಬ್‌ಟೈಟಲ್ ಓದಿ ಹೇಳಿದ ಹುಡುಗಿಯ ವಿಷಯಕ್ಕೆ ಬರೋಣ. ಹೆಸರು ಬೇಡ. ಒಳ್ಳೆಯ ಮಾರ್ಕು ಉಂಟು. ಬಿಎಸ್ಸಿ ಮಾಡಬೇಕು, ಫಿಸಿಕ್ಸ್ ಓದಬೇಕು ಎಂದು ಆಸೆ. ಅದರ ಎಡೆಯಲ್ಲಿ ಒಂದು ಸಂಬಂಧ ಬಂದಿತ್ತು. ಹುಡುಗ ಗಲ್ಫ್‌ನಲ್ಲಿ, ಮನೆಯವರು ಒಳ್ಳೆಯವರು, ಕಾಯಲು ತಯಾರಿಲ್ಲ. ಸಿನಿಮಾ ಮುಗಿದು ಹಾಲ್‌ನ ಹೊರಗೆ ನಿಂತಾಗ ಅವಳು ಕೇಳಿದ್ದು ಒಂದೇ.

“ಉಸ್ತಾದ್, ಇಸ್ಕೂಲಿಗೇ ಹೋಗದವರಿಗೆ ಬಿಸಿಲು ಹಿಡಿದಿಡಬಹುದು ಅಂತ ಹೇಗೆ ಗೊತ್ತಾಯ್ತು?”

ನಾವು ಉತ್ತರ ಹುಡುಕುತ್ತಿದ್ದಾಗ ಅವಳ ಉಮ್ಮನೇ ಹೇಳಿದರು: “ಅವರಿಗೆ ಕಲಿಸುವ ಅಣ್ಣ ಇದ್ದ ಮಗಳೇ.”

ಹೇಳಿ ಆ ಹೆಂಗಸು ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ ನಮ್ಮ ಕಡೆ ತಿರುಗಿ, “ಉಸ್ತಾದರೇ, ಇವಳ ಬಾಪನತ್ರ ನೀವೊಮ್ಮೆ ಫೋನಿನಲ್ಲಿ ಮಾತಾಡ್ತೀರಾ? ನಾನು ಹೇಳಿದ್ರೆ ಆಗುದಿಲ್ಲ” ಎಂದರು.

ಆ ರಾತ್ರಿ ಇಶಾ ಮುಗಿಸಿ ನಾವು ದಮ್ಮಾಮಿಗೆ ಫೋನ್ ಮಾಡಿದೆವು. ತಂದೆ ಕೆಟ್ಟವರಲ್ಲ. ಅವರ ಹೆದರಿಕೆ ಬೇರೆ. ಕಾಲೇಜು ಮೂವತ್ತು ಕಿಲೋಮೀಟರು ದೂರ, ಸಂಜೆ ಬಸ್ಸು ಇಳಿಯುವಾಗ ಮಗ್ರಿಬ್ ಆಗುತ್ತದೆ, ಬಸ್‌ಸ್ಟಾಪಿನಿಂದ ಮನೆಗೆ ಒಂದೂವರೆ ಮೈಲು ನಡೆಯಬೇಕು, ಗಂಡುಮಕ್ಕಳಿಲ್ಲದ ಮನೆ, ತಾವು ಇಲ್ಲಿಲ್ಲ. ಸಾವಿರಾರು ಮೈಲು ದೂರದಲ್ಲಿ ಬೆವರು ಸುರಿಸುವ ತಂದೆಯ ಈ ಹೆದರಿಕೆಯನ್ನು ನಾವು ಲಘುವಾಗಿ ತೆಗೆದುಕೊಳ್ಳುವ ಹಾಗಿಲ್ಲ. ನೋಡಿ, ನೂರು ವರ್ಷದ ಹಿಂದೆ ಕೋಲ್ಕತ್ತಾದಲ್ಲಿ ರೊಕೆಯಾರ ತಲೆನೋವು ಬಸ್ಸು. ಇವತ್ತು ನಮ್ಮ ಊರಿನಲ್ಲೂ ತಲೆನೋವು ಬಸ್ಸೇ. ಹುಡುಗಿಯ ಬುದ್ಧಿ ಕಡಿಮೆ ಎಂದು ಯಾರೂ ಈಗ ಹೇಳುವುದಿಲ್ಲ. ಅವಳು ಹೋಗಿ ಬರುವುದು ಹೇಗೆ ಎಂದು ಕೇಳುತ್ತಾರೆ. ಈ ಪ್ರಶ್ನೆಗೆ ಭಾಷಣದಲ್ಲಿ ಉತ್ತರವಿಲ್ಲ. ವ್ಯವಸ್ಥೆಯಲ್ಲಿ ಉತ್ತರ ಉಂಟು.

ಹಾಗಾಗಿ ನಾವು ಕಮಿಟಿಯ ಹಿರಿಯರೊಂದಿಗೆ ಕೂತೆವು. ಲೆಕ್ಕ ಹಾಕಿ ನೋಡಿದರೆ ಅದೇ ದಾರಿಯಲ್ಲಿ ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳು ನಮ್ಮ ಜಮಾಅತಿನಲ್ಲೇ ಆರು ಮಂದಿ. ಸಂಜೆ ಬಸ್‌ಸ್ಟಾಪಿನಿಂದ ಅವರನ್ನೆಲ್ಲ ಒಟ್ಟಿಗೆ ಮನೆಮನೆಗೆ ಬಿಡಲು ಊರಿನ ಒಬ್ಬ ರಿಕ್ಷಾದವರು ಒಪ್ಪಿದ್ದಾರೆ, ಎರಡು ಟ್ರಿಪ್. ಬಾಡಿಗೆಯಲ್ಲಿ ಅರ್ಧ ಮನೆಯವರದ್ದು, ಅರ್ಧ ಕಮಿಟಿಯದ್ದು. ದೊಡ್ಡ ಖರ್ಚೇನಲ್ಲ. ಮೀಲಾದಿನ ಲೈಟಿಂಗಿನಲ್ಲಿ ಸ್ವಲ್ಪ ಕಡಿಮೆ ಮಾಡಿದರೂ ಒಂದು ವರ್ಷ ನಡೆಯುತ್ತದೆ ಎಂದು ಹಿರಿಯರೊಬ್ಬರೇ ಹೇಳಿದರು. ಸಂಬಂಧದವರಿಗೆ, ಮೂರು ವರ್ಷ ಕಾಯುವುದಾದರೆ ಸಂತೋಷ, ಇಲ್ಲವಾದರೆ ಅಲ್ಲಾಹನು ಬೇರೆ ದಾರಿ ತೋರಿಸುತ್ತಾನೆ ಎಂದು ತಂದೆಯೇ ತಿಳಿಸಿದ್ದಾರೆ. ಅವರ ಉತ್ತರ ಇನ್ನೂ ಬಂದಿಲ್ಲ. ಹುಡುಗಿಯ ಅರ್ಜಿ ಮಾತ್ರ ಹೋಗಿದೆ.

ನಿಮ್ಮ ಊರಿನಲ್ಲಿ ಎಷ್ಟು ಮಂದಿ ಹೆಣ್ಣುಮಕ್ಕಳು ಪಿಯುಸಿ ಮುಗಿಸಿ ಮನೆಯಲ್ಲಿ ಕೂತಿದ್ದಾರೆ, ಯಾಕೆ ಕೂತಿದ್ದಾರೆ ಎಂದು ಬರುವ ಶುಕ್ರವಾರ ಜುಮಾ ಮುಗಿದ ಮೇಲೆ ಹತ್ತು ನಿಮಿಷ ನಿಂತು ಒಂದು ಪಟ್ಟಿ ಮಾಡಿ ನೋಡಿ. ಕಾರಣ ಹಲವು ಕಡೆ ಹಣವಾಗಿರಲಿಕ್ಕಿಲ್ಲ, ದೀನೂ ಆಗಿರಲಿಕ್ಕಿಲ್ಲ. ಒಂದೂವರೆ ಮೈಲಿನ ಕತ್ತಲೆ ದಾರಿ ಆಗಿರಬಹುದು. ರೊಕೆಯಾರ ಕಥೆಯಲ್ಲಿ ಎರಡು ಸಾವಿರ ಹುಡುಗಿಯರು ಬಿಸಿಲು ಹೊತ್ತು ನಡೆದರು. ನಮ್ಮದು ಆರು ಮಂದಿ, ಒಂದು ರಿಕ್ಷಾ. ಅವರು ಶಾಲೆ ಶುರು ಮಾಡಿದಾಗಲೂ ಐದೇ ಮಂದಿ ಇದ್ದದ್ದು.